ಬೆಂಕಿ ಬೀಳುವ ಮುನ್ನವೇ ಬಾವಿ: ಮುಂಬಯಿಯ ಬಡ ಕುಟುಂಬಗಳಿಗೆ ಸಾರ್ವಜನಿಕ ನೆರವು

ಉದ್ಯೋಗವನ್ನರಸಿ ಈ ಮಹಾನಗರಿಗೆ ಬಂದ ಕನ್ನಡಿಗರು ಇಲ್ಲಿ ಹೋಟೆಲುಗಳನ್ನು ಕಟ್ಟಿದರು, ರಾತ್ರಿ ಶಾಲೆಗಳನ್ನು ನಡೆಸಿದರು, ಸಂಘ ಸಂಸ್ಥೆಗಳನ್ನು ಬೆಳೆಸಿದರು. ಈ ಸಾಧನೆಯ ಕಥೆಯನ್ನು ಸ್ಮರಣ ಸಂಚಿಕೆಗಳಲ್ಲಿ ವರ್ಷವರ್ಷವೂ ಓದಿ ನಾವು ಹೆಮ್ಮೆಪಡುತ್ತೇವೆ. ಅದು ಯುಕ್ತವೇ ಸರಿ. ಆದರೆ ಅದೇ ಹೋಟೆಲಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ದುಡಿಯುವವನು ಒಂದು ದಿನ ಹಾಸಿಗೆ ಹಿಡಿದರೆ ಅವನ ಕುಟುಂಬದ ಗತಿಯೇನು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. ನಾನು ವೈದ್ಯನಲ್ಲ; ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ಅಧಿಕಾರಿ. ರೋಗಕ್ಕೆ ಮದ್ದನ್ನು ವೈದ್ಯರು ಹೇಳಿಯಾರು. ಆ ಮದ್ದಿನ ಖರ್ಚಿಗೆ ದಾರಿ ಯಾವುದೆಂದು ಹೇಳುವುದು ನನ್ನಂಥವನ ಕೆಲಸವಾಗಬಹುದೆಂಬ ಧೈರ್ಯದಿಂದ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಉಂಟು.

ನಮ್ಮ ಶಾಖೆಯಲ್ಲಿ ಕುಂದಾಪುರದ ಕಡೆಯ ಅಡುಗೆಯವರೊಬ್ಬರ ಖಾತೆಯಿತ್ತು. 2016ರಲ್ಲಿ ನಾನೇ ಒತ್ತಾಯಮಾಡಿ ಅವರನ್ನು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ಸೇರಿಸಿದ್ದೆ. ಆರೇಳು ವರ್ಷ ವಿಮೆಯ ಕಂತು ತಾನಾಗಿಯೇ ಖಾತೆಯಿಂದ ಸಂದಾಯವಾಗುತ್ತಿತ್ತು. 2023ರ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುನ್ನ ಊರಿನ ಮನೆಗೆ ಹೆಂಚು ಹೊದಿಸಲು ಅವರು ಇದ್ದ ಹಣವನ್ನೆಲ್ಲ ಕಳುಹಿಸಿದರು. ಖಾತೆಯಲ್ಲಿ ಉಳಿದದ್ದು 212 ರೂಪಾಯಿ, ಬೇಕಾಗಿದ್ದದ್ದು 436. ಕಂತು ಸಲ್ಲಲಿಲ್ಲ, ವಿಮೆ ರದ್ದಾಯಿತು. ಹಾಗೆ ಕಂತು ಸಲ್ಲದವರ ಪಟ್ಟಿ ನನ್ನ ಮೇಜಿನ ಮೇಲೆಯೇ ಬಂದಿತ್ತು. ಜೂನ್ ತಿಂಗಳಲ್ಲಿ ಒಂದು ಮಾತು ಹೇಳಿದ್ದರೆ ಅವರು ಮತ್ತೆ ಸೇರಿಕೊಳ್ಳಬಹುದಾಗಿತ್ತು. ಕೆಲಸದ ಗಡಿಬಿಡಿಯಲ್ಲಿ ನಾನು ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಅವರ ಪತ್ನಿ ಪಾಸ್‌ಬುಕ್ ಹಿಡಿದುಕೊಂಡು ಬ್ಯಾಂಕಿಗೆ ಬಂದಾಗ ನಾನು ಹೇಳಬೇಕಾಗಿ ಬಂದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ. "ನಮಗೆ ಯಾರೂ ಹೇಳ್ಲಿಲ್ಲ ಸಾರ್" ಎಂದಷ್ಟೇ ಆಕೆ ನುಡಿದರು. ಎರಡು ಲಕ್ಷ ರೂಪಾಯಿ ಆ ಕುಟುಂಬಕ್ಕೆ ದಕ್ಕದೆ ಹೋದುದು 224 ರೂಪಾಯಿಯ ಕೊರತೆಯಿಂದ. ಹೇಳುವವರ ಕೊರತೆಯಿಂದ ಎಂದರೆ ಹೆಚ್ಚು ಸರಿಯಾದೀತು.

ಅನಂತರ ಆ ಕುಟುಂಬದೊಡನೆ ಕಚೇರಿಯಿಂದ ಕಚೇರಿಗೆ ಅಲೆದಾಗ ನಾನು ಕಲಿತುಕೊಂಡ ವಿಷಯಗಳನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ.

ಪಾಲಿಕೆಯ ಆಸ್ಪತ್ರೆಗಳು

ಆ ಅಡುಗೆಯವರನ್ನು ಮೊದಲು ಸೇರಿಸಿದ್ದು ಖಾಸಗಿ ಶುಶ್ರೂಷಾಲಯವೊಂದಕ್ಕೆ. ಎರಡು ದಿನಗಳಲ್ಲಿ ಹೆಂಡತಿಯ ಬಳೆಗಳು ಅಡವಿಗೆ ಹೋದವು. ಮೂರನೆಯ ದಿನ ಮಹಾನಗರಪಾಲಿಕೆಯ ಆಸ್ಪತ್ರೆಗೆ ಒಯ್ದರು. ಈ ಕ್ರಮ ತಿರುಗುಮುರುಗಾಗಬೇಕೆಂಬುದೇ ನನ್ನ ಮೊದಲನೆಯ ಸಲಹೆ. 1921ರಲ್ಲಿ ಸ್ಥಾಪಿತವಾದ ನಾಯರ್, 1926ರಲ್ಲಿ ಆರಂಭವಾದ ಕೆ.ಇ.ಎಂ., ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಇವು ಮೂರೂ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಅಲ್ಲಿನ ನೂಕುನುಗ್ಗಲನ್ನು ಕಂಡು ಅಂಜುವವರು ಬಹಳ. ಆದರೆ ನುರಿತ ತಜ್ಞರು ಅಲ್ಪ ಶುಲ್ಕದಲ್ಲಿ ದೊರೆಯುವುದು ಅಲ್ಲಿಯೇ.

ನಮ್ಮವರಲ್ಲಿ ಹಲವರಿಗೆ ತಿಳಿಯದ ಒಂದು ಸಂಗತಿಯೆಂದರೆ, ಈ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ. ಭಾರತದಲ್ಲಿ ಈ ಹುದ್ದೆ ಮೊದಲು ಆರಂಭವಾದದ್ದು ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, 1946ರಲ್ಲಿ. ಹೊರಗಿನಿಂದ ಕೊಳ್ಳಬೇಕಾದ ಔಷಧ ಅಥವಾ ಉಪಕರಣಕ್ಕೆ ಹಣವಿಲ್ಲದಾಗ ವೈದ್ಯರ ಚೀಟಿಯೊಡನೆ ಅವರನ್ನು ಕಾಣಬೇಕು. ಪಾಲಿಕೆಯ ಪ್ರಮುಖ ಆಸ್ಪತ್ರೆಗಳಲ್ಲಿ ಬಡರೋಗಿಗಳಿಗಾಗಿ ದಾನಿಗಳು ನೀಡಿದ ಹಣದ 'ಪೂರ್ ಬಾಕ್ಸ್' ನಿಧಿಯಿದೆ. ಧರ್ಮದರ್ಶಿ ಮಂಡಲಿಗಳಿಗೆ ಅರ್ಜಿ ಬರೆಸುವ ಏರ್ಪಾಡೂ ಇದೆ. ನಮ್ಮ ಅಡುಗೆಯವರ ಕೊನೆಯ ದಿನಗಳ ದುಬಾರಿ ಔಷಧಗಳು ಈ ಮಾರ್ಗದಿಂದಲೇ ಬಂದವು.

ಧರ್ಮಾರ್ಥ ಆಸ್ಪತ್ರೆಗಳ ಹಾಸಿಗೆಗಳು

ಸಾರ್ವಜನಿಕ ನ್ಯಾಸಗಳಾಗಿ ನೋಂದಾಯಿತವಾದ ಅನೇಕ ದೊಡ್ಡ ಆಸ್ಪತ್ರೆಗಳು ಮಹಾರಾಷ್ಟ್ರದಲ್ಲಿವೆ. ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಅಂಗೀಕರಿಸಿದ ಯೋಜನೆಯ ಪ್ರಕಾರ, ಇಂಥ ಆಸ್ಪತ್ರೆಗಳು ತಮ್ಮ ಹಾಸಿಗೆಗಳಲ್ಲಿ ಶೇಕಡಾ 10ರಷ್ಟನ್ನು ನಿರ್ಗತಿಕ ರೋಗಿಗಳಿಗೆ ಉಚಿತವಾಗಿಯೂ, ಇನ್ನು ಶೇಕಡಾ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಕಾದಿರಿಸಬೇಕು. ಇದಕ್ಕಾಗಿ ಒಟ್ಟು ಬಿಲ್ಲಿನ ಶೇಕಡಾ 2ರಷ್ಟು ಮೊತ್ತವನ್ನು ಪ್ರತ್ಯೇಕ ನಿಧಿಯಲ್ಲಿ ಇಡಬೇಕು. ಆದಾಯದ ಮಿತಿ ಕಾಲಕಾಲಕ್ಕೆ ಪರಿಷ್ಕೃತವಾಗುತ್ತ ಬಂದಿದ್ದು, ಉಚಿತ ಚಿಕಿತ್ಸೆಗೆ ವಾರ್ಷಿಕ 1,80,000 ರೂಪಾಯಿ, ರಿಯಾಯಿತಿಗೆ 3,60,000 ರೂಪಾಯಿ ಎಂದು ನಿಗದಿಯಾಗಿದೆ. ತಹಸೀಲ್ದಾರರ ಆದಾಯ ಪ್ರಮಾಣಪತ್ರ ಅಥವಾ ಪಡಿತರ ಚೀಟಿ ಇದಕ್ಕೆ ಆಧಾರ. ಪ್ರಾಣಾಪಾಯದ ಸಂದರ್ಭದಲ್ಲಿ ಠೇವಣಿಗಾಗಿ ಕಾಯದೆ ತುರ್ತು ಚಿಕಿತ್ಸೆ ನೀಡಬೇಕೆಂಬ ನಿಯಮವೂ ಉಂಟು. ನಿರಾಕರಿಸಿದರೆ ವರ್ಲಿಯಲ್ಲಿರುವ ಧರ್ಮಾದಾಯ ಆಯುಕ್ತರ ಕಚೇರಿಗೆ ದೂರು ಸಲ್ಲಿಸಬಹುದು.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಇಲ್ಲಿ ನೆನಪಾಗಬಹುದು. ನಿಜ, ಕೇಳಿದೊಡನೆ ಹಾಸಿಗೆ ದೊರೆಯುವುದಿಲ್ಲ. ಆದರೆ ನಿಯಮವನ್ನು ಬಲ್ಲವನು ಕೇಳುವುದಕ್ಕೂ ಅರಿಯದವನು ಬೇಡುವುದಕ್ಕೂ ವ್ಯತ್ಯಾಸವುಂಟು.

ಆರೋಗ್ಯ ವಿಮಾ ಯೋಜನೆಗಳು

2012ರಲ್ಲಿ ಎಂಟು ಜಿಲ್ಲೆಗಳಲ್ಲಿ ಆರಂಭವಾದ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯೇ 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೆಂಬ ಹೆಸರನ್ನು ಪಡೆಯಿತು. ಇದು ಮೊದಲು ಹಳದಿ ಮತ್ತು ಕೇಸರಿ ಪಡಿತರ ಚೀಟಿಯವರಿಗೆ ಮೀಸಲಾಗಿತ್ತು. 2023ರಲ್ಲಿ ರಾಜ್ಯ ಸರ್ಕಾರವು ಇದನ್ನು ರಾಜ್ಯದ ಎಲ್ಲ ಕುಟುಂಬಗಳಿಗೂ ವಿಸ್ತರಿಸಿ, ರಕ್ಷಣೆಯ ಮೊತ್ತವನ್ನು ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಗೆ ಏರಿಸಲು ತೀರ್ಮಾನಿಸಿತು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ 'ಆರೋಗ್ಯಮಿತ್ರ' ಎಂಬ ಸಹಾಯಕರು ಇರುತ್ತಾರೆ. ರೋಗಿಯನ್ನು ಸೇರಿಸುವಾಗಲೇ ಅವರನ್ನು ಕಾಣಬೇಕು. ಬಿಲ್ಲು ಕೈಗೆ ಬಂದ ಮೇಲೆ ಕಂಡರೆ ಪ್ರಯೋಜನ ಕಡಿಮೆ, ಏಕೆಂದರೆ ಚಿಕಿತ್ಸೆಗೆ ಮುಂಚಿತವಾದ ಮಂಜೂರಾತಿ ಬೇಕಾಗುತ್ತದೆ.

ಊರಿನಲ್ಲಿಯೋ ಇಲ್ಲಿಯೋ ಇರುವ ನಮ್ಮ ವೃದ್ಧ ತಂದೆತಾಯಿಯರಿಗೆ ಸಂಬಂಧಿಸಿದ ಮಾತೊಂದನ್ನು ಸೇರಿಸಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ 70 ವರ್ಷ ದಾಟಿದ ಎಲ್ಲರಿಗೂ, ಆದಾಯದ ಭೇದವಿಲ್ಲದೆ, ವಿಸ್ತರಿಸಲಾಯಿತು. ಆಧಾರ್ ಚೀಟಿಯ ಮೂಲಕ ಇದರ ಕಾರ್ಡನ್ನು ಮಾಡಿಸಿಕೊಳ್ಳಬಹುದು.

ಮಾಸಾಶನ ಮತ್ತು ಪಡಿತರ

ವಿಧವೆಯರು, ಅಂಗವಿಕಲರು, ಅನಾಥರು, ಗಂಭೀರ ರೋಗಪೀಡಿತರು ಮೊದಲಾದ ನಿರ್ಗತಿಕರಿಗಾಗಿ ಮಹಾರಾಷ್ಟ್ರದಲ್ಲಿ 1980ರಿಂದ ಸಂಜಯ್ ಗಾಂಧಿ ನಿರಾಧಾರ ಅನುದಾನ ಯೋಜನೆ ನಡೆದುಬಂದಿದೆ. 2023ರಲ್ಲಿ ಇದರ ಮಾಸಾಶನ 1,000ದಿಂದ 1,500 ರೂಪಾಯಿಗೆ ಏರಿತು. ಕುಟುಂಬದ ಆದಾಯ ವರ್ಷಕ್ಕೆ 21,000 ರೂಪಾಯಿ ಮೀರಬಾರದೆಂಬ ಮಿತಿ ಬಹಳ ಕೆಳಮಟ್ಟದ್ದೆಂಬುದನ್ನು ಒಪ್ಪಲೇಬೇಕು. ಹದಿನೈದು ವರ್ಷ ರಾಜ್ಯದಲ್ಲಿ ವಾಸವಾಗಿರುವುದಕ್ಕೆ ದಾಖಲೆಯೂ ಬೇಕು. ದುಡಿಯುವ ಯಜಮಾನನು 18ರಿಂದ 59 ವರ್ಷದೊಳಗೆ ತೀರಿಕೊಂಡರೆ, ದಾರಿದ್ರ್ಯರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಮ್ಮೆ 20,000 ರೂಪಾಯಿ ದೊರೆಯುತ್ತದೆ.

ಪಡಿತರ ಚೀಟಿ ಊರಿನಲ್ಲಿದೆ, ಇಲ್ಲಿ ಏನು ಪ್ರಯೋಜನವೆಂದು ಕೇಳುವವರುಂಟು. ಕರ್ನಾಟಕ ಮತ್ತು ಮಹಾರಾಷ್ಟ್ರ ಸೇರಿದಂತೆ 12 ರಾಜ್ಯಗಳ ನಡುವೆ 2020ರ ಜನವರಿಯಿಂದ, 2022ರ ಜೂನ್‌ನಿಂದ ಇಡೀ ದೇಶದಲ್ಲಿ, 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆ ಜಾರಿಯಲ್ಲಿದೆ. ಆಹಾರ ಭದ್ರತಾ ಕಾಯಿದೆಗೆ ಒಳಪಟ್ಟ ಚೀಟಿಯುಳ್ಳ ಕಾರ್ಮಿಕನು ಹೆಬ್ಬೆರಳ ಗುರುತು ನೀಡಿ ತನ್ನ ಪಾಲಿನ ಧಾನ್ಯವನ್ನು ಮುಂಬಯಿಯ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು. ಉಳಿದವರ ಪಾಲನ್ನು ಮನೆಯವರು ಊರಿನಲ್ಲಿಯೇ ಪಡೆಯಬಹುದು.

ಬ್ಯಾಂಕಿನ ಎರಡು ವಿಮೆಗಳು

ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳು 2015ರ ಮೇ ತಿಂಗಳಲ್ಲಿ ಆರಂಭವಾದವು. ಮೊದಲನೆಯದು 18ರಿಂದ 50 ವರ್ಷದವರಿಗೆ. ವರ್ಷಕ್ಕೆ 436 ರೂಪಾಯಿ ಕಂತು, ಯಾವುದೇ ಕಾರಣದಿಂದ ಮರಣ ಸಂಭವಿಸಿದರೂ 2 ಲಕ್ಷ ರೂಪಾಯಿ. ಎರಡನೆಯದು 18ರಿಂದ 70 ವರ್ಷದವರಿಗೆ. ಕೇವಲ 20 ರೂಪಾಯಿ ಕಂತು, ಅಪಘಾತದ ಮರಣಕ್ಕೆ 2 ಲಕ್ಷ. ವಿಮಾವರ್ಷ ಜೂನ್ 1ರಿಂದ ಮೇ 31ರವರೆಗೆ. ಆದುದರಿಂದ ಮೇ ತಿಂಗಳ ಮೂರನೆಯ ವಾರದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಕನಿಷ್ಠ 500 ರೂಪಾಯಿ ಇರಲೇಬೇಕು. ಜೀವನ ಜ್ಯೋತಿ ತಪ್ಪಿಹೋದರೆ ಮತ್ತೆ ಸೇರಬಹುದು. ಆದರೆ ಸೇರಿದ ಮೊದಲ 30 ದಿನಗಳಲ್ಲಿ ಅಪಘಾತವಲ್ಲದ ಮರಣಕ್ಕೆ ಹಣ ಬಾರದು. ನಾಮನಿರ್ದೇಶನ ಮಾಡಿಸಿರಬೇಕು ಮತ್ತು ವಿಮೆಯಿರುವ ಸಂಗತಿ ಮನೆಯವರಿಗೆ ತಿಳಿದಿರಬೇಕು.

ಕಾಗದಪತ್ರಗಳ ಕಟ್ಟು

ವಲಸಿಗನ ದೊಡ್ಡ ತೊಡಕೆಂದರೆ ವಿಳಾಸ. ಹೋಟೆಲಿನ ಮಾಳಿಗೆಯಲ್ಲಿ ಮಲಗುವವನಿಗೆ ಬಾಡಿಗೆ ಪತ್ರವೆಲ್ಲಿಯದು? ಮತದಾರರ ಪಟ್ಟಿಯಲ್ಲಿ ಹೆಸರು ಊರಿನದು, ಆಧಾರ್ ಊರಿನದು, ಬದುಕು ಮಾತ್ರ ಮುಂಬಯಿಯದು. ನಮ್ಮ ಅಡುಗೆಯವರ ಕುಟುಂಬ ಚಾಳಿನಲ್ಲಿದ್ದರೂ ಬಾಡಿಗೆಯ ರಸೀದಿಗಳು ಒಂದೂ ಉಳಿದಿರಲಿಲ್ಲ. ಕೊನೆಗೆ ಕೈಹಿಡಿದದ್ದು ಪಾಲಿಕೆಯ ಕನ್ನಡ ಶಾಲೆ. ಹಿರಿಯ ಮಗಳು ಒಂದನೆಯ ತರಗತಿಗೆ ಸೇರಿದ ದಿನಾಂಕ ಅಲ್ಲಿನ ಹಳೆಯ ದಾಖಲೆ ಪುಸ್ತಕದಲ್ಲಿತ್ತು. ಹದಿನೈದು ವರ್ಷದ ವಾಸಕ್ಕೆ ಅದೇ ಸಾಕ್ಷಿಯಾಯಿತು. ಎಂಟು ತಿಂಗಳ ಓಡಾಟದ ಅನಂತರ ಮಾಸಾಶನ ಮಂಜೂರಾಯಿತು. ದೊಡ್ಡ ಮೊತ್ತವಲ್ಲ, ಆದರೂ ಆ ತಾಯಿ ಕಿರಿಯ ಮಗನನ್ನು ಶಾಲೆ ಬಿಡಿಸಲಿಲ್ಲ.

ಪ್ರತಿಯೊಂದು ಮನೆಯಲ್ಲಿಯೂ ಒಂದು ಲಕೋಟೆಯಿರಲಿ: ಪಡಿತರ ಚೀಟಿ, ಆಧಾರ್, ಆದಾಯ ಪ್ರಮಾಣಪತ್ರ, ವಿದ್ಯುತ್ ಬಿಲ್ಲು ಅಥವಾ ಬಾಡಿಗೆ ಪತ್ರ, ಮಕ್ಕಳ ಶಾಲಾ ದಾಖಲೆ, ಪಾಸ್‌ಬುಕ್ ಮತ್ತು ವಿಮಾ ರಸೀದಿಗಳ ನಕಲುಗಳು ಅದರಲ್ಲಿರಲಿ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ರೋಗಿ ಆಸ್ಪತ್ರೆಯಲ್ಲಿರುವಾಗ ತಹಸೀಲ್ದಾರರ ಕಚೇರಿಯಲ್ಲಿ ಸಾಲು ನಿಲ್ಲುವ ದುರವಸ್ಥೆ ಯಾರಿಗೂ ಬಾರದಿರಲಿ.

ಸಂಘದ ಮುಂದೊಂದು ವಿನಂತಿ

ಸರ್ಕಾರದ ನೆರವನ್ನು ಭಿಕ್ಷೆಯೆಂದು ತಿಳಿದು ಸಂಕೋಚಪಡುವ ಸ್ವಾಭಿಮಾನಿಗಳು ನಮ್ಮಲ್ಲಿ ಹೆಚ್ಚು. ಈ ನಗರದಲ್ಲಿ ಬೆವರು ಸುರಿಸಿ ದುಡಿದವನಿಗೆ ಇದು ಭಿಕ್ಷೆಯಲ್ಲ, ಹಕ್ಕು. ನಮ್ಮ ಸಂಘಗಳಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ಪಾಲಿಕೆಯ ಮತ್ತು ಬ್ಯಾಂಕಿನ ನೌಕರರಿದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಸಂಘದ ಕಚೇರಿಯಲ್ಲಿ ಕುಳಿತು, ಮರಾಠಿಯ ಅರ್ಜಿಗಳನ್ನು ಕನ್ನಡದಲ್ಲಿ ವಿವರಿಸಿ ತುಂಬಿಕೊಡುವ ವ್ಯವಸ್ಥೆ ಮಾಡುವುದು ಕಷ್ಟವಲ್ಲ. ನಾನಂತೂ ಬರಲು ಸಿದ್ಧನಿದ್ದೇನೆ.

ಕಳೆದ ಕೆಲವು ವರ್ಷಗಳಿಂದ ಮೇ ತಿಂಗಳಲ್ಲಿ ನಾನೊಂದು ನಿಯಮವನ್ನು ಪಾಲಿಸುತ್ತಿದ್ದೇನೆ. ಕಂತು ಸಲ್ಲದವರ ಪಟ್ಟಿ ಬಂದ ದಿನ, ಮನೆಗೆ ಹೊರಡುವ ಮುನ್ನ, ಆ ಪಟ್ಟಿಯ ಒಂದೊಂದು ಹೆಸರಿಗೂ ಫೋನು ಮಾಡುತ್ತೇನೆ.