ಸಂಗೀತ ಪ್ರಚಾರ ಸೇವೆಗಳ ಪ್ರಯೋಜನ: ಒಂದು ವಿಚಾರ

ಚಲನಚಿತ್ರದ ಆಶ್ರಯವನ್ನಾಗಲಿ ಧ್ವನಿಮುದ್ರಣ ಸಂಸ್ಥೆಯ ಬೆಂಬಲವನ್ನಾಗಲಿ ಪಡೆಯದೆ, ಸ್ವಂತ ವೆಚ್ಚದಿಂದಲೇ ಹಾಡನ್ನು ಮುದ್ರಿಸಿ ಹೊರತರುವ ಗಾಯಕರನ್ನು ಸ್ವತಂತ್ರ ಸಂಗೀತಗಾರರೆಂದು ಕರೆಯುವುದು ರೂಢಿ. ಮುದ್ರಣ ಈಗ ಸುಲಭವಾಗಿರುವುದರಿಂದ ಚಿಂತಾಮಣಿ, ಗೌರಿಬಿದನೂರುಗಳಂಥ ಊರುಗಳಲ್ಲಿರುವ ಗಾಯಕನಿಗೂ ಈ ದಾರಿ ತೆರೆದಿದೆ. ಆದರೆ ಕೇಳುಗರನ್ನು ಸಂಪಾದಿಸುವುದು ಸುಲಭವಾಗಿಲ್ಲ. ಈ ಕೊರತೆಯನ್ನು ಹಣ ಪಡೆದು ತುಂಬಿಕೊಡುವೆವೆನ್ನುವ ಪ್ರಚಾರ ಸೇವೆಗಳು ಹಲವಿವೆ. ಅವುಗಳ ಯೋಗ್ಯತೆಯನ್ನು ಅಳೆಯುವುದು ಹೇಗೆಂಬುದನ್ನು ನಾವಿಲ್ಲಿ ವಿಚಾರಿಸಬಯಸುತ್ತೇವೆ.

ಪ್ರಚಾರವೆಂಬುದು ಸಂಗೀತಕ್ಕೆ ಹೊಸದಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಅವರು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದರು. ಕಂಪನಿಯು ಗಾಯಕಿಗೆ ಸಂಭಾವನೆ ಕೊಟ್ಟಿತು. ಪ್ರಚಾರದ ವೆಚ್ಚವನ್ನೂ ತಾನೇ ವಹಿಸಿತು. ತಟ್ಟೆಗಳು ಮಾರಾಟವಾಗದಿದ್ದಲ್ಲಿ ನಷ್ಟ ಕಂಪನಿಯದೇ ಆಗುತ್ತಿದ್ದುದರಿಂದ, ಪ್ರಚಾರ ಫಲಿಸಬೇಕೆಂಬ ಕಾಳಜಿ ಇಬ್ಬರಿಗೂ ಸಮಾನವಾಗಿತ್ತು. ಹಾಗಿದ್ದೂ ಕೀರ್ತಿಯೊಂದೇ ಜೀವನಾಧಾರವಾಗಲಿಲ್ಲ. ನೂರಾರು ತಟ್ಟೆಗಳಿಂದ ಮನೆಮಾತಾದ ಆ ಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಬೇಕಾಯಿತು. 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಈಗಿನ ಪ್ರಚಾರ ಸೇವೆಯಲ್ಲಿ ಹಣದ ಹರಿವು ತಿರುಗಿದೆ. ಹಣ ತೆರುವವನು ಗಾಯಕ. ನಷ್ಟವನ್ನು ಹೊರುವವನೂ ಅವನೇ. ಹಾಡನ್ನು ಒಬ್ಬರೂ ಕೇಳದಿದ್ದರೂ ಸೇವೆಯವರ ಶುಲ್ಕ ಸಲ್ಲುತ್ತದೆ. ಆದಕಾರಣ ಇಂಥ ಸೇವೆಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಪತ್ರಿಕೆ, ಬಾನುಲಿ, ಉತ್ಸವಗಳ ವ್ಯವಸ್ಥಾಪಕರಿಗೆ ಹಾಡನ್ನು ಪರಿಚಯಿಸುವ ಶ್ರಮವನ್ನು ಮಾರುವುದು ಒಂದು ಬಗೆ. ಇಲ್ಲಿ ಫಲ ನಿಶ್ಚಿತವಲ್ಲ. ಆದರೆ ಶ್ರಮ ನಿಜವಾದುದು. ಇಷ್ಟು ಸಾವಿರ ಆಲಿಕೆಗಳು ಖಂಡಿತವೆಂದು ಸಂಖ್ಯೆಯನ್ನೇ ಮಾರುವುದು ಇನ್ನೊಂದು ಬಗೆ. ಮನುಷ್ಯರ ಅಭಿರುಚಿಯ ಬಗ್ಗೆ ಯಾರೂ ಇಂಥ ಭರವಸೆಯನ್ನು ಕೊಡಲಾರರು; ಯಂತ್ರಗಳಿಂದ ಎಣಿಕೆಯನ್ನು ಹೆಚ್ಚಿಸುವವರು ಮಾತ್ರ ಕೊಡಬಲ್ಲರು.

ಈ ಎರಡನೆಯದು ನಿರುಪಯುಕ್ತವಷ್ಟೇ ಅಲ್ಲ, ಹಾನಿಕರವೂ ಹೌದು. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಸಂಸ್ಥೆಯು 2024ರಿಂದ ಜಾರಿಗೆ ತಂದ ನಿಯಮದಂತೆ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಆಲಿಕೆಗಳಿಲ್ಲದ ಹಾಡಿನ ಮುದ್ರಣಕ್ಕೆ ಗೌರವಧನವಿಲ್ಲ. ಈ ಮಿತಿಯನ್ನು ದಾಟುವ ಆತುರವೇ ಕೊಂಡ ಸಂಖ್ಯೆಗೆ ಮಾರುಕಟ್ಟೆಯಾಗುತ್ತದೆ. ಆದರೆ ಕೃತಕವೆಂದು ಕಂಡುಬಂದ ಆಲಿಕೆಗಳಿಗೆ ಗೌರವಧನ ಸಲ್ಲುವುದಿಲ್ಲ. ಅವು ವಿಪರೀತವಾದರೆ ಹಾಡನ್ನು ಒದಗಿಸಿದ ವಿತರಕರ ಮೇಲೆ ದಂಡವೂ ಬೀಳುತ್ತದೆ. ಅದೇ ಸಂಸ್ಥೆಯ ಸಂಪಾದಕರ ಪರಿಶೀಲನೆಗೆ ಹೊಸ ಹಾಡನ್ನು ಬಿಡುಗಡೆಗೆ ಮುನ್ನ ಗಾಯಕನೇ ಶುಲ್ಕವಿಲ್ಲದೆ ಸಲ್ಲಿಸಬಹುದೆಂಬುದು ಅನೇಕರ ಗಮನಕ್ಕೆ ಬಂದಿಲ್ಲ.

ಹಾಗಾದರೆ ಒರೆಗಲ್ಲು ಯಾವುದು? ಶುಲ್ಕ ನಿಂತ ಮೇಲೆ ಉಳಿಯುವ ಕೇಳುಗರು. ಸೇವೆಯವರು ಹಿಂದೆ ಯಾರ ಹಾಡನ್ನು ಎಲ್ಲಿಗೆ ತಲುಪಿಸಿದರು, ಆ ಕೇಳುಗರು ಮುಂದಿನ ಹಾಡಿಗೂ ಬಂದರೆ, ಕಚೇರಿಗೆ ಕರೆ ಬಂದಿತೆ ಎಂಬುದನ್ನು ಕೇಳಿ ತಿಳಿಯಬೇಕು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ತತ್ತ್ವಪದಗಳು ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಹರಿದು ಇಂದಿಗೂ ಉಳಿದಿವೆ. ಅಲ್ಲಿ ಕೇಳಿದವನೇ ಮರುದಿನ ಹಾಡುವವನಾದನು. ಅಂಥ ಕೇಳುಗನೊಬ್ಬನ ಬಳಿಗೆ ಹಾಡನ್ನು ಒಯ್ಯುವ ಸೇವೆಗೆ, ಗಾಯಕನು ಕಳೆದುಕೊಂಡರೂ ತಡೆದುಕೊಳ್ಳಬಲ್ಲಷ್ಟು ಹಣವನ್ನು ವೆಚ್ಚಮಾಡುವುದು ಯುಕ್ತ. ಬರಿಯ ಸಂಖ್ಯೆಗೆ ಸಾಲಮಾಡುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.