ಬೆಳಕಿಗಿಂತ ವೇಗದ ಹಡಗು, ತಡವಾಗಿ ಬರುವ ಸುದ್ದಿ

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟಗಳಿಗೆ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಕಥೆ ನಕ್ಷತ್ರಗಳ ನಡುವೆ ನಡೆಯುವುದಾದರೆ ಮೊದಲಿಗೇ ಒಂದು ತೊಡಕು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯಿಂದ ಬೆಳಕು ಬರುವುದಕ್ಕೇ 4.2 ವರ್ಷ ಬೇಕು. ಆದ್ದರಿಂದ ಇಂಥ ಆಟಗಳು ಬೆಳಕನ್ನು ಮೀರುವ ಉಪಾಯವೊಂದನ್ನು ಕಲ್ಪಿಸಿಕೊಳ್ಳುತ್ತವೆ. ಆ ಉಪಾಯಕ್ಕೆ ಹಾಕುವ ಕಟ್ಟುಪಾಡುಗಳೇ ಆಟಕ್ಕೆ ಜೀವ.

ಅಮೆರಿಕದಲ್ಲಿ 1977ರಲ್ಲಿ ಪ್ರಕಟವಾದ, ಮಾರ್ಕ್ ಮಿಲ್ಲರ್ ರೂಪಿಸಿದ ‘ಟ್ರಾವೆಲರ್’ ಇದಕ್ಕೆ ಒಳ್ಳೆಯ ಉದಾಹರಣೆ. ಇದರಲ್ಲಿ ಹಡಗು ‘ಜಂಪ್’ ಮಾಡುತ್ತದೆ. ನಕಾಶೆಯ ಒಂದು ಮನೆ ಎಂದರೆ ಒಂದು ಪಾರ್ಸೆಕ್, ಅಂದರೆ 3.26 ಜ್ಯೋತಿರ್ವರ್ಷ. ಯಂತ್ರದ ಶಕ್ತಿಗೆ ತಕ್ಕಂತೆ ಒಂದರಿಂದ ಆರು ಪಾರ್ಸೆಕ್‌ವರೆಗೆ ಹಾರಬಹುದು. ದೂರ ಎಷ್ಟೇ ಇರಲಿ, ಒಂದು ಜಂಪ್‌ಗೆ ಸುಮಾರು ಒಂದು ವಾರ ಹಿಡಿಯುತ್ತದೆ.

ಖರ್ಚೂ ಉಂಟು. ಪ್ರತಿ ಪಾರ್ಸೆಕ್‌ಗೆ ಹಡಗಿನ ಗಾತ್ರದ ಶೇ. 10ರಷ್ಟು ದ್ರವ ಜಲಜನಕ ಬೇಕು. ಆರು ಪಾರ್ಸೆಕ್ ಹಾರುವ ಹಡಗಿನಲ್ಲಿ ಶೇ. 60 ಜಾಗ ಇಂಧನಕ್ಕೇ ಹೋದರೆ ಸರಕಿಗೆ ಉಳಿಯುವುದೆಷ್ಟು? ಹೊರಡುವ ಮುನ್ನ ಗ್ರಹದ ವ್ಯಾಸದ ನೂರು ಪಟ್ಟು ದೂರ ಸರಿಯಬೇಕು. ಭೂಮಿಯ ಲೆಕ್ಕದಲ್ಲಿ ಅದು ಸುಮಾರು 12.7 ಲಕ್ಷ ಕಿ.ಮೀ., ಚಂದ್ರನಿಗಿಂತ ಮೂರು ಪಟ್ಟು ಆಚೆ. ಕಡಲ್ಗಳ್ಳರು ಬೆನ್ನಟ್ಟಿದಾಗ ಈ ದಾರಿಯೇ ಉಸಿರು ಬಿಗಿಹಿಡಿಸುತ್ತದೆ.

ಒಂದು ಸನ್ನಿವೇಶ ನೋಡಿ. 200 ಟನ್ನಿನ ಹಡಗಿನಲ್ಲಿ ಗಾಯಾಳು ಇದ್ದಾನೆ. ಆಸ್ಪತ್ರೆ ಇರುವುದು ಎರಡು ಪಾರ್ಸೆಕ್ ಆಚೆ, ಹಡಗು ಒಮ್ಮೆಗೆ ಹಾರುವುದು ಒಂದೇ ಪಾರ್ಸೆಕ್. ನಡುವಿನ ನಕ್ಷತ್ರದ ಬಳಿ ನಿಂತು 20 ಟನ್ ಇಂಧನ ತುಂಬಿಕೊಳ್ಳಬೇಕು. ಅಲ್ಲಿನ ದೈತ್ಯ ಅನಿಲಗ್ರಹದಿಂದ ಪುಕ್ಕಟೆಯಾಗಿ ಮೊಗೆದುಕೊಳ್ಳಬಹುದು. ಆದರೆ ಶುದ್ಧೀಕರಿಸದ ಇಂಧನದಿಂದ ಜಂಪ್ ದಾರಿತಪ್ಪುವ ಅಪಾಯ ಹೆಚ್ಚು. ಹಳೆಯ ನಿಯಮದಂತೆ ಹಾಗೆ ತಪ್ಪಿದ ಹಡಗು 36 ಪಾರ್ಸೆಕ್‌ವರೆಗೂ ಎಲ್ಲಿಗೋ ಹೋಗಿ ಬೀಳಬಹುದು. ಶುದ್ಧ ಇಂಧನಕ್ಕಾಗಿ ಬಂದರಿಗೆ ಹೋದರೆ ಹೊತ್ತೂ ಹಣವೂ ಖರ್ಚು. ಏನು ಮಾಡುತ್ತೀರಿ?

ಇನ್ನೊಂದು ಮಾತು: ಈ ಲೋಕದಲ್ಲಿ ಹಡಗಿಗಿಂತ ವೇಗದ ತಂತಿಯಿಲ್ಲ, ಫೋನಿಲ್ಲ. ನಾಲ್ಕು ಪಾರ್ಸೆಕ್ ಹಾರುವ ಟಪಾಲು ಹಡಗಿಗೂ 40 ಪಾರ್ಸೆಕ್ ದಾಟಲು ಕನಿಷ್ಠ 10 ವಾರ, ಉತ್ತರ ಬರಲು ಮತ್ತೆ 10 ವಾರ. ಗಡಿಯಲ್ಲಿ ಯುದ್ಧ ಬಂದರೆ ರಾಜಧಾನಿಯ ಅಪ್ಪಣೆಗೆ ಕಾಯುವಂತಿಲ್ಲ, ಅಲ್ಲಿನವರೇ ನಿರ್ಧರಿಸಬೇಕು. ಗಡಿಯೂರುಗಳ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮೂರಿನ ಮಕ್ಕಳು ಕನ್ನಡದಲ್ಲೇ ಇಂಥ ಆಟ ಕಟ್ಟಲು ಹೊರಟರೆ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ: ಎಷ್ಟು ಹೊತ್ತು? ಏನು ಖರ್ಚು? ತಪ್ಪಿದರೆ ಏನು ಗತಿ? ಸುದ್ದಿ ಹೇಗೆ ತಲುಪುತ್ತದೆ? ಉತ್ತರ ಸಿಕ್ಕಿದರೆ ಅರ್ಧ ಕಥೆ ಆದಂತೆಯೇ.