ಬೆಳ್ಳಿ ಕೈಬಿಟ್ಟಿತು, ಚಿನ್ನ ಕೈಹಿಡಿಯಿತು

ತುಕ್ಕು ಹಿಡಿಯದ, ನೀರಿಗೆ ಕರಗದ, ಯಾರ ಗೊಡವೆಗೂ ಹೋಗದ ಚಿನ್ನ ಕ್ಯಾನ್ಸರ್ ಕೋಶದೊಳಗೆ ಹೊಕ್ಕು ಅದನ್ನು ಸಾಯಿಸಬಲ್ಲದು! ಬೈಲಹೊಂಗಲ, ಬೆಳವಡಿ, ಮುರಗೋಡದ ಸುತ್ತ ಹಿಂದೆ ಚಿನ್ನದ ಕಣ ಸಿಗುತ್ತಿದ್ದವೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ಅದೇ ಲೋಹ ಈಗ ಕ್ಯಾನ್ಸರ್ ಔಷಧವಾಗಲು ಹೊರಟಿದೆ.

ಮೊದಲ ಹೆಜ್ಜೆ ನಮ್ಮ ಪತ್ತಾರರಿಗೆ ಗೊತ್ತಿದ್ದದ್ದೇ. ಒಂದು ಪಾಲು ನೈಟ್ರಿಕ್, ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ತೇಜಾಬಿನಲ್ಲಿ ಚಿನ್ನ ಕರಗಿ ಹಳದಿ ದ್ರಾವಣವಾಗುತ್ತದೆ. ರಸಾಯನ ವಿಜ್ಞಾನಿಯ ಕೆಲಸ ಶುರುವಾಗುವುದೂ ಅಲ್ಲಿಂದಲೇ!

ಇನ್ನು ಬೆಳ್ಳಿಯ ಸರದಿ. ಕಾರ್ಬೀನ್ ಎಂಬ ಇಂಗಾಲದ ಅಣುವಿದೆ. ಅದರ ಒಂದು ಇಂಗಾಲದ ಪರಮಾಣು ಎರಡು ನೈಟ್ರೋಜನ್‌ಗಳ ನಡುವೆ ಕೂತು ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ. 1991ರಲ್ಲಿ ರಸಾಯನ ವಿಜ್ಞಾನಿ ಆರ್ಡುವೆಂಗೊ ಇದನ್ನು ಹರಳಾಗಿ ಹಿಡಿದು ತೋರಿಸಿದರು. ಇದರ ಲವಣಕ್ಕೆ ಕಡುಗಪ್ಪು ಬೆಳ್ಳಿ ಆಕ್ಸೈಡ್ ಹಾಕಿ, ಬೆಳಕು ಬೀಳದಂತೆ ಮುಚ್ಚಿ ಕಲಕುತ್ತಾರೆ. ಕಪ್ಪು ಕರಗುತ್ತಾ ಹೋಗುತ್ತದೆ. ಕಾರ್ಬೀನ್ ಬೆಳ್ಳಿಯನ್ನು ಅಪ್ಪಿರುತ್ತದೆ. ಅದಕ್ಕೆ ಆ ಹಳದಿ ದ್ರಾವಣದಿಂದ ತಯಾರಿಸಿದ ಚಿನ್ನದ ಕ್ಲೋರೈಡ್ ಸೇರಿಸಿದಿರೋ, ಬೆಳ್ಳಿ ಕನ್ಯಾದಾನ ಮಾಡಿದ ಹಾಗೆ ಕಾರ್ಬೀನನ್ನು ಚಿನ್ನದ ಕೈಗಿತ್ತು, ತಾನು ಬೆಳ್ಳನೆ ಕ್ಲೋರೈಡ್ ಪುಡಿಯಾಗಿ ತಳಕ್ಕಿಳಿಯುತ್ತದೆ! ಎಷ್ಟು ಸಲ ಓದಿದರೂ ನನಗೆ ಇದು ಹಳತಾಗುವುದಿಲ್ಲ.

ಬೆಳ್ಳಿ–ಕಾರ್ಬೀನ್ ಕೂಟವೂ ಸುಮ್ಮನಿರುವುದಿಲ್ಲ. ಈಗ ಕನಕಪುರ ರಸ್ತೆಯ ಜೈನ್ ವಿಶ್ವವಿದ್ಯಾಲಯದಲ್ಲಿರುವ ರಸಾಯನ ವಿಜ್ಞಾನಿ ಸಿದ್ದಪ್ಪ ಪಾಟೀಲರು ಡಬ್ಲಿನ್‌ನಲ್ಲಿ ಸಂಶೋಧಕ ಮಥಿಯಾಸ್ ಟಾಕೆ ಅವರೊಡನೆ ಇಂಥ ಬೆಳ್ಳಿ ಸಂಯುಕ್ತಗಳನ್ನು ಕಟ್ಟಿ, ಮೂತ್ರಪಿಂಡದ ಕ್ಯಾನ್ಸರ್ ಕೋಶಗಳ ಮೇಲೂ ಬ್ಯಾಕ್ಟೀರಿಯಾದ ಮೇಲೂ ಪರೀಕ್ಷಿಸಿದವರು.

ಚಿನ್ನ ಹೊಕ್ಕ ಕೋಶದೊಳಗೆ ಆಗುವುದೇನು? ಚಿನ್ನಕ್ಕೆ ಗಂಧಕ, ಸೆಲೆನಿಯಮ್ ಎಂದರೆ ಪ್ರಾಣ. ಥಯೋರೆಡಾಕ್ಸಿನ್ ರಿಡಕ್ಟೇಸ್ ಎಂಬ ಕಿಣ್ವದ ಕೆಲಸದ ಜಾಗದಲ್ಲಿ ಸೆಲೆನಿಯಮ್ ಇದೆ. ಉತ್ಕರ್ಷಣದ ಹೊಡೆತದಿಂದ ಕೋಶವನ್ನು ಕಾಯುವುದು ಈ ಕಿಣ್ವ. ಎಷ್ಟೋ ಗಡ್ಡೆಗಳಲ್ಲಿ ಇದು ಹೆಚ್ಚಿಗೇ ಇರುತ್ತದೆ. ಚಿನ್ನ ಹೋಗಿ ನೇರ ಅಲ್ಲೇ ಕೂರುತ್ತದೆ, ಕಾವಲು ಮುರಿಯುತ್ತದೆ, ಕೋಶ ಸಾಯುತ್ತದೆ. 1978ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಔಷಧವಾಗಿ ಒಪ್ಪಿಗೆ ಪಡೆದ ಪ್ಲಾಟಿನಮ್‌ನ ಸಿಸ್‌ಪ್ಲಾಟಿನ್ ಹಿಡಿಯುವುದು ಡಿಎನ್ಎಯನ್ನು. ಚಿನ್ನದ ದಾರಿಯೇ ಬೇರೆ. ಪ್ಲಾಟಿನಮ್‌ಗೆ ಬಗ್ಗದ ಗಡ್ಡೆಗೂ ಇದು ನಾಟಬಹುದೆಂಬ ಆಸೆ ಹುಟ್ಟಿರುವುದು ಅದಕ್ಕೇ.

ಸವದತ್ತಿ, ರಾಮದುರ್ಗ, ಕಿತ್ತೂರಿನಿಂದ ಬಸ್ಸು ಹತ್ತಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಿಗೆ ಒಂದು ಮಾತು ಬಿಡಿಸಿ ಹೇಳಲೇಬೇಕು: ಈ ಚಿನ್ನ–ಬೆಳ್ಳಿ ಅಣುಗಳು ಇನ್ನೂ ಕ್ಯಾನ್ಸರ್ ಔಷಧವಾಗಿಲ್ಲ, ಸುವರ್ಣ ಭಸ್ಮಕ್ಕೂ ಇವಕ್ಕೂ ಸಂಬಂಧವಿಲ್ಲ. ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೆ ಸೋಲುವುದುಂಟು. ರಕ್ತದಲ್ಲೂ ಗಂಧಕವಿದೆ, ಚಿನ್ನವನ್ನು ಅದು ದಾರಿಯಲ್ಲೇ ಹಿಡಿದುಬಿಡಬಹುದು. ಆದರೂ ನೋಡಿ, 1985ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆಂದು ಬಂದ ಚಿನ್ನದ ಗುಳಿಗೆ ಔರಾನೋಫಿನ್ ಅಂಡಾಶಯದ ಕ್ಯಾನ್ಸರ್ ರೋಗಿಗಳ ಪರೀಕ್ಷೆಯವರೆಗೂ ತಲುಪಿದೆ!